ಸರ್ ಎಂ.ವಿ. ಕೆರೆಗಳು ಮತ್ತು 84 ಹಳ್ಳಿಗಳು

ಹೈದರಾಬಾದಿನ ನಮ್ಮವರಿಗೆ ಗಂಡಿಪೇಟೆ ಅಂದ್ರೆ ಭಾನುವಾರದ ಪಿಕ್‌ನಿಕ್ಕು, ಅಷ್ಟೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ಉಕ್ಕಿ ಸಾವಿರಾರು ಜನ ಸತ್ತ ಮೇಲೆ ನಿಜಾಮ ಸರ್ಕಾರ ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನ. ಊರಿನ ಮೇಲ್ಗಡೆಯೇ ನೀರು ತಡೆಯಿರಿ ಎಂದರು. ಹಾಗೆ ಆದದ್ದು 1920ರ ಉಸ್ಮಾನ್ ಸಾಗರ (ಅದೇ ಗಂಡಿಪೇಟೆ), 1927ರ ಹಿಮಾಯತ್ ಸಾಗರ.

ಈ ಕೆರೆಗಳಿಗೆ ಮಳೆನೀರು ಹರಿದು ಬರುವ ಬಯಲು ಉಳಿಯಲಿ ಅಂತ 1996ರ ಮಾರ್ಚಿನಲ್ಲಿ ಆಂಧ್ರ ಸರ್ಕಾರ ಜಿಒ 111 ಹೊರಡಿಸಿತು. 10 ಕಿ.ಮೀ. ಒಳಗಿನ 84 ಹಳ್ಳಿಗಳಲ್ಲಿ ಹೊಲಸು ಬಿಡುವ ಕಾರ್ಖಾನೆ, ದೊಡ್ಡ ಹೋಟೆಲು, ಕಾಲೊನಿ ಇಲ್ಲ. ಲೇಔಟ್ ಮಾಡಿದರೆ ಶೇ. 60 ಜಾಗ ರಸ್ತೆಗೂ ಬಯಲಿಗೂ. ಬ್ಯಾಂಕಿಗೆ ಸಾಲದ ಅರ್ಜಿ ಬಂದರೆ ಸರ್ವೆ ನಂಬರಿಗಿಂತ ಮೊದಲು ನಾವು ಹಳ್ಳಿ ಹೆಸರು ನೋಡುತ್ತಿದ್ದೆವು! ಗಡಿಯಾಚೆಯ ರೈತ ಕೋಟ್ಯಧಿಪತಿ, ಈಚೆಯವನಿಗೆ ಅದೇ ಹೊಲ... ಅವನ ಸಿಟ್ಟು ಸುಳ್ಳಲ್ಲ.

ಆದರೆ ಜಿಒ ನಿಂತಿದ್ದು ಕುಡಿಯುವ ನೀರಿನ ಕಾರಣದ ಮೇಲೆ. ಕೃಷ್ಣಾ, ಗೋದಾವರಿ ನೀರು ಬಂತು. ಈ ಕೆರೆಗಳನ್ನು ನಗರ ಈಗ ನೆಚ್ಚಿಕೊಂಡಿಲ್ಲ ಎಂದು 2022ರಲ್ಲಿ ತೆಲಂಗಾಣ ಸರ್ಕಾರ ಆ ನಿರ್ಬಂಧ ತೆಗೆದು ಇನ್ನೊಂದು ಆದೇಶ ಹೊರಡಿಸಿತು. ಸರ್ ಎಂ.ವಿ. ಅವರನ್ನು ಕರೆಸಿದ್ದು ಮೊದಲು ಪ್ರವಾಹಕ್ಕೆ. ಆ ಲೆಕ್ಕ ಬದಿಗೆ ಬಿತ್ತು. ಅದಕ್ಕೆ ಎರಡೇ ವರ್ಷ ಹಿಂದೆ, 2020ರ ಅಕ್ಟೋಬರಿನಲ್ಲಿ, ಹಿಮಾಯತ್ ಸಾಗರದ ಗೇಟು ತೆರೆದಾಗ ಮೂಸಿ ದಡದವರು ಮನೆ ಬಿಟ್ಟು ಹೋಗಬೇಕಾಗಿತ್ತು.