ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ: ವಾದ್ಯಸಂಗೀತ ಮತ್ತು ಧಾರವಾಡ ಸೀಮೆ

ಸಂಗೀತ, ನೃತ್ಯ, ನಾಟಕಗಳಲ್ಲಿ ಸಾಧನೆ ಮಾಡಿದವರಿಗೆ ಹೊಸದಿಲ್ಲಿಯ ಸಂಗೀತ ನಾಟಕ ಅಕಾಡೆಮಿ ಕೊಡುವ ರಾಷ್ಟ್ರೀಯ ಪ್ರಶಸ್ತಿ. ವಾದ್ಯಸಂಗೀತದಲ್ಲಿ ಹಿಂದುಸ್ತಾನಿ, ಕರ್ನಾಟಕ ಎಂಬ ಪ್ರತ್ಯೇಕ ವಿಭಾಗಗಳಿವೆ. 1952ರ ಮೊದಲ ಪ್ರಶಸ್ತಿಗಳು ಸರೋದ್‌ವಾದಕ ಅಲ್ಲಾವುದ್ದೀನ್ ಖಾನ್ ಹಾಗೂ ವೈಣಿಕ ಕಾರೈಕುಡಿ ಸಾಂಬಶಿವ ಅಯ್ಯರ್ ಅವರಿಗೆ ಸಂದವು.

ಸ್ವರೂಪ

ಒಂದು ಲಕ್ಷ ರೂಪಾಯಿ, ತಾಮ್ರಪತ್ರ ಮತ್ತು ಅಂಗವಸ್ತ್ರ ಪ್ರಶಸ್ತಿಯಲ್ಲಿ ಸೇರಿವೆ. ಇದು ಕಲಾವಿದರ ಒಟ್ಟು ಸಾಧನೆಗೆ ಸಲ್ಲುವ ಗೌರವ, ಒಂದು ಧ್ವನಿಮುದ್ರಿಕೆಗಲ್ಲ. ಬೆಂಗಳೂರಿನ ರಿಕ್ಕಿ ಕೇಜ್ 2015ರಲ್ಲಿ ‘ವಿಂಡ್ಸ್ ಆಫ್ ಸಂಸಾರ’ಕ್ಕೆ ಪಡೆದ ಗ್ರ್ಯಾಮಿಯಂತಹ ಆಲ್ಬಂ ಪ್ರಶಸ್ತಿಗಳಿಂದ ಇದು ಬೇರೆಯಾಗುವುದು ಇಲ್ಲಿಯೇ.

ಕರ್ನಾಟಕದ ವಾದಕರು

ಏಳು ತಂತಿಯ ಪಿಟೀಲಿನಿಂದ ಹೆಸರಾದ ಟಿ. ಚೌಡಯ್ಯ (1957), ಸರೋದ್‌ವಾದಕ ರಾಜೀವ ತಾರಾನಾಥ (1999–2000) ಪುರಸ್ಕೃತರಲ್ಲಿ ಪ್ರಮುಖರು.

ಧಾರವಾಡದ ಸಿತಾರ

ಧಾರವಾಡ ಸೀಮೆಗೆ ಅಕಾಡೆಮಿಯ ಮನ್ನಣೆ ಹೆಚ್ಚಾಗಿ ಬಂದದ್ದು ಗಾಯನದಿಂದ: ಮಲ್ಲಿಕಾರ್ಜುನ ಮನಸೂರ (1971), ಗಂಗೂಬಾಯಿ ಹಾನಗಲ್ (1973). ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯ ಭೀಮಸೇನ ಜೋಶಿಯವರಿಗೆ 1975ರಲ್ಲಿ ಸಂದಿತು. ಪ್ರಶಸ್ತಿ ಪಟ್ಟಿಯನ್ನಷ್ಟೇ ನೋಡಿದರೆ ಇದು ಹಾಡುಗಾರರ ನಾಡೆನಿಸುತ್ತದೆ. ವಾದ್ಯದ ಪರಂಪರೆಯೂ ಅಷ್ಟೇ ಗಟ್ಟಿಯಾದದ್ದು. ಬೀನಕಾರ (ರುದ್ರವೀಣೆ ವಾದಕ) ಬಂದೇ ಅಲಿ ಖಾನರ ಶಿಷ್ಯ ‘ಸಿತಾರ ರತ್ನ’ ರಹಿಮತ್ ಖಾನ್ ಧಾರವಾಡದಲ್ಲಿ ನೆಲೆಸಿ ಶಿಷ್ಯರನ್ನು ಬೆಳೆಸಿದರು. ಸಿತಾರದ ಏಳು ತಂತಿಗಳ ಕ್ರಮವನ್ನು ಮಾರ್ಪಡಿಸಿ ಖರಜದ (ತಗ್ಗು ಸ್ವರದ) ತಂತಿಗಳಿಗೆ ಸ್ಥಾನ ಕೊಟ್ಟ ಶ್ರೇಯಸ್ಸನ್ನು ಪರಂಪರೆ ಅವರಿಗೆ ಸಲ್ಲಿಸುತ್ತದೆ. ಇಂಥ ಮಾರ್ಪಾಟು ಒಬ್ಬರ ಕೈಯಿಂದಲೇ ಆಯಿತೆನ್ನುವುದು ಕಷ್ಟ. ವಾದ್ಯ ತಯಾರಕರ ಪಾಲೂ ಇದ್ದಿರಬೇಕು. ಖರಜದ ತಂತಿಗಳಿದ್ದರೆ ಆಲಾಪ ಮಂದ್ರಕ್ಕೂ ಕೆಳಗೆ, ಅತಿಮಂದ್ರಕ್ಕೆ ಇಳಿಯಬಲ್ಲದು. ಬೀನಿನ ಆಲಾಪದ ಜೀವ ಇರುವುದೇ ಆ ಸ್ಥಾಯಿಯಲ್ಲಿ. ಬೀನಕಾರರ ಶಿಷ್ಯ ಅದನ್ನು ಸಿತಾರಕ್ಕೆ ಬಯಸಿದ್ದು ಸಹಜ. ರಹಿಮತ್ ಖಾನರ ಮಗ ಅಬ್ದುಲ್ ಕರೀಮ್ ಖಾನ್, ಮೊಮ್ಮಗ ಬಾಲೇಖಾನ್ (1942–2007) ಈ ಬಾಜನ್ನು (ನುಡಿಸುವ ಶೈಲಿಯನ್ನು) ಮುಂದುವರಿಸಿದರು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಈ ನಾದವನ್ನು ಹಳ್ಳಿಗಳಿಗೂ ಮುಟ್ಟಿಸಿತು.

ಸನಾದಿ

ಕಲಘಟಗಿ, ನವಲಗುಂದ, ಕುಂದಗೋಳ ಭಾಗದ ಮದುವೆ, ಜಾತ್ರೆಗಳಲ್ಲಿ ಭಜಂತ್ರಿಗಳು ನುಡಿಸುವ ಸನಾದಿ ಶಹನಾಯಿಯ ಬಳಗದ ವಾದ್ಯ. 1956ರ ಪುರಸ್ಕೃತ ಬಿಸ್ಮಿಲ್ಲಾ ಖಾನ್ 1977ರ ‘ಸನಾದಿ ಅಪ್ಪಣ್ಣ’ ಚಿತ್ರಕ್ಕೆ ಶಹನಾಯಿ ನುಡಿಸಿದರು.

ಯುವ ಪುರಸ್ಕಾರ

ನಲವತ್ತು ವರ್ಷದೊಳಗಿನ ಕಲಾವಿದರಿಗಾಗಿ ಅಕಾಡೆಮಿ 2006ರಲ್ಲಿ ಸ್ಥಾಪಿಸಿದ ಯುವ ಪುರಸ್ಕಾರಕ್ಕೆ ಬಿಸ್ಮಿಲ್ಲಾ ಖಾನರ ಹೆಸರನ್ನೇ ಇಡಲಾಗಿದೆ.