ಕೂಸು ಹುಟ್ಟೋಕೆ ಮುಂಚೆ ಕುಲಾವಿ: ಇಂಟರ್ವ್ಯೂ ಬಟ್ಟೆಯ ಹಳೇ ಕಥೆ

ಇವತ್ತಿನ ಸಂಚಿಕೆ ಶುರುವಾಗಿದ್ದು ಒಂದು ಫೋನ್ ಕಾಲಿನಿಂದ. ಗುಡೇಕೋಟೆಯಿಂದ ನಮ್ಮ ಚಿಕ್ಕಪ್ಪನ ಮಗಳು ಮಾಡಿದ್ಲು. ಬಿಕಾಂ ಮುಗಿಸಿದ್ದಾಳೆ, ಬೆಂಗಳೂರಿನ ಒಂದು ಕಂಪನಿಯಲ್ಲಿ ಇಂಟರ್ವ್ಯೂ. ನಾನೂ ಕಾಮರ್ಸ್‌ನವನೇ, ಜಿಎಸ್‌ಟಿ ಬಗ್ಗೆಯೋ ಟ್ಯಾಲಿ ಬಗ್ಗೆಯೋ ಏನಾದ್ರೂ ಕೇಳ್ತಾಳೆ ಅಂದ್ಕೊಂಡಿದ್ದೆ. ಅವಳು ಕೇಳಿದ್ದು ಬೇರೆ. "ಅಣ್ಣಾ, ಬ್ಲೇಜರ್ ಹಾಕ್ಕೋಬೇಕಾ? ಲಿಪ್‌ಸ್ಟಿಕ್ ಹಚ್ಚಿದ್ರೆ ಜಾಸ್ತಿ ಆಗುತ್ತಾ? ಹಚ್ಚದಿದ್ರೆ ಹಳ್ಳಿಯವಳು ಅಂತಾರಾ?"

ಬ್ಲೇಜರ್‌ಗೆ ದುಡ್ಡು ಹೊಂದಿಸೋಕೆ ಚಿಕ್ಕಮ್ಮ ಸಂಘದಲ್ಲಿ ಸಾಲ ಕೇಳೋಕೆ ಹೊರಟಿದ್ದಾರಂತೆ. ಅದಕ್ಕೆ ಅವರ ಅತ್ತೆ, ಅಂದ್ರೆ ನಮ್ಮಜ್ಜಿ, ಒಂದೇ ಮಾತು ಅಂದಿದ್ದಾರೆ: "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ." ಕೆಲಸ ಇನ್ನೂ ಸಿಕ್ಕಿಲ್ಲ, ಕೋಟು ಯಾಕೆ ಅಂತ.

ಆ ಗಾದೆಯೊಳಗಿರೋ ಕುಲಾವಿ ಅನ್ನೋ ಪದವೇ ನಮ್ಮನ್ನ ಇಂಟರ್ವ್ಯೂ ಬಟ್ಟೆಯ ಇತಿಹಾಸಕ್ಕೆ ಕರ್ಕೊಂಡು ಹೋಗುತ್ತೆ ಅಂತ ಅಜ್ಜಿಗೂ ಗೊತ್ತಿರ್ಲಿಲ್ಲ. ನನಗೂ ಗೊತ್ತಿರ್ಲಿಲ್ಲ.

ಗುಡೇಕೋಟೆ ನೋಡದವರಿಗೆ ಹೇಳ್ಬಿಡ್ತೀನಿ. ಕೂಡ್ಲಿಗಿ ತಾಲ್ಲೂಕು. ಬಂಡೆಗುಡ್ಡಗಳ ನಡುವೆ ಊರು, ಮೇಲೆ ಪಾಳೇಗಾರರ ಕೋಟೆ, ಸುತ್ತಮುತ್ತ ಕರಡಿಧಾಮ. ಒನಕೆ ಓಬವ್ವನ ತವರು ನಮ್ಮೂರೇ ಅಂತ ಅಲ್ಲಿಯವರ ಮಾತು. (ಓಬವ್ವನ್ನ ಯಾರೂ ಇಂಟರ್ವ್ಯೂ ಮಾಡ್ಲಿಲ್ಲ, ಯೂನಿಫಾರ್ಮೂ ಕೊಡ್ಲಿಲ್ಲ. ಕೆಲಸ ಮಾತ್ರ ಮಾಡಿದ್ಲು.) 2021ರಲ್ಲಿ ನಮ್ಮ ತಾಲ್ಲೂಕು ಬಳ್ಳಾರಿ ಬಿಟ್ಟು ವಿಜಯನಗರ ಅನ್ನೋ ಹೊಸ ಜಿಲ್ಲೆಗೆ ಸೇರ್ತು. ಆ ಹೆಸರು ಬಂದಿದ್ದು ಹಂಪಿಯಿಂದ. ಹಾಗಾಗಿ ಹಂಪಿಗೇ ಹೋಗೋಣ, 1443ಕ್ಕೆ.

ಆ ವರ್ಷ ಏಪ್ರಿಲ್ ಕೊನೆಯಲ್ಲಿ ಅಬ್ದುಲ್ ರಜಾಕ್ ಅಂತ ಒಬ್ಬ ವಿಜಯನಗರಕ್ಕೆ ಬಂದ. ಈಗಿನ ಅಫ್ಘಾನಿಸ್ತಾನದಲ್ಲಿರೋ ಹೆರಾತ್‌ನಿಂದ. ತೈಮೂರನ ಮಗ ಶಾರುಖ್ ಅಲ್ಲಿ ದೊರೆ, ಅವನು ಕಳಿಸಿದ ರಾಯಭಾರಿ ಈತ. ಹಡಗಿನಲ್ಲಿ ಮೊದಲು ಕಲ್ಲಿಕೋಟೆಗೆ ಬಂದು, ಅಲ್ಲಿಂದ ಮಂಗಳೂರಿನ ಮೇಲೆ ಘಟ್ಟ ಹತ್ತಿ ಹಂಪಿಗೆ. ನಮ್ಮ ಕಡೆ ಏಪ್ರಿಲ್-ಮೇ ಅಂದ್ರೆ ಏನು ಅಂತ ನಮ್ಮ ಕಡೆಯವರಿಗೆ ಹೇಳೋದು ಬೇಡ. ಬಂಡೆ ಮೇಲೆ ಕಾಲಿಟ್ರೆ ದೋಸೆ ಹಂಚು.

ಕೆಲವು ದಿನಕ್ಕೆ ಆಸ್ಥಾನದಿಂದ ಕರೆ ಬಂತು. ರಜಾಕ್ ಐದು ಕುದುರೆ, ಎರಡು ತಟ್ಟೆ ತಗೊಂಡು ಹೋದ. ಒಂದೊಂದು ತಟ್ಟೆಯಲ್ಲಿ ಒಂಬತ್ತು ತುಂಡು ರೇಷ್ಮೆ ಬಟ್ಟೆ. ಎದುರಿಗೆ ಎರಡನೇ ದೇವರಾಯ. ಸ್ಯಾಟಿನ್ ನಿಲುವಂಗಿ, ಕೊರಳಲ್ಲಿ ಮುತ್ತಿನ ಪಟ್ಟಿ. ತೆಳ್ಳಗೆ, ಎತ್ತರಕ್ಕೆ ಇದ್ದ, ಗದ್ದದಲ್ಲಿ ಗಡ್ಡ ಇರ್ಲಿಲ್ಲ ಅಂತೆಲ್ಲ ರಜಾಕ್ ಬರೆದಿಟ್ಟಿದ್ದಾನೆ.

ಆಮೇಲೆ ತನ್ನ ಬಗ್ಗೆಯೂ ಬರೀತಾನೆ. ಮೈಮೇಲೆ ಪದರ ಪದರ ನಿಲುವಂಗಿ ಹಾಕಿದ್ದೆ, ಸೆಖೆಗೆ ಬೆವರಿನಲ್ಲಿ ಮುಳುಗಿಹೋದೆ ಅಂತ. ದೊರೆ ಅದನ್ನ ನೋಡಿದ. ನೋಡಿ, ತನ್ನ ಕೈಯಲ್ಲಿದ್ದ ಚೀನಾದ ಬೀಸಣಿಗೆಯನ್ನೇ ಅವನಿಗೆ ಕೊಟ್ಟ.

ಇದನ್ನ ಮೊದಲ ಸಲ ಓದಿದಾಗ ಪುಸ್ತಕ ಪಕ್ಕಕ್ಕಿಟ್ಟು ಸುಮ್ಮನೆ ಕೂತಿದ್ದೆ. ಯಾಕಂದ್ರೆ ನನ್ನ ಮೊದಲ ಇಂಟರ್ವ್ಯೂ ಕೂಡ ಮೇ ತಿಂಗಳಲ್ಲೇ. ಗೆಳೆಯನ ಬ್ಲೇಜರ್, ಭುಜಕ್ಕೆ ಎರಡು ಇಂಚು ದೊಡ್ಡದು. ರಾತ್ರಿ ಬಸ್ಸಿನಲ್ಲಿ ಮಡಿಲ ಮೇಲೆ ಮಗುವಿನ ಥರ ಮಲಗಿಸ್ಕೊಂಡು ಹೋಗಿದ್ದೆ. ಅವತ್ತು ಆ ಆಫೀಸಿನ ಎಸಿ ಕೆಟ್ಟಿತ್ತು. ಎದುರಿಗಿದ್ದ ಮೂವರೂ ಟೀ ಶರ್ಟ್‌ನಲ್ಲಿದ್ರು. ಬೆವರು ರೆಸ್ಯೂಮೆ ಮೇಲೆ ಬಿತ್ತು. ಯಾರೂ ನೋಡ್ಲಿಲ್ಲ. ಅಥವಾ ನೋಡಿ ಬರ್ಕೊಂಡ್ರೋ ಏನೋ. ಕೆಲಸ ಅಂತೂ ಸಿಗ್ಲಿಲ್ಲ.

ರಜಾಕ್‌ಗೆ ಸಿಕ್ಕಿತು. ಎರಡು ಕಟ್ಟು ವೀಳ್ಯದೆಲೆ, 500 ಪಣ, ಒಂದಿಷ್ಟು ಕರ್ಪೂರ. ದಿನವಹಿ ಭತ್ಯೆ ಬೇರೆ: ಎರಡು ಕುರಿ, ನಾಲ್ಕು ಜೋಡಿ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ, ಜೊತೆಗೆ ಎರಡು ಚಿನ್ನದ ವರಾಹ. ಒಳ್ಳೇ ಪ್ಯಾಕೇಜ್. ಆಮೇಲೆ ಹೊರ್ಮುಜ್‌ನಿಂದ ಬಂದ ಕೆಲವರು, ಇವನು ನಿಜವಾದ ರಾಯಭಾರಿಯೇ ಅಲ್ಲ ಅಂತ ಆಸ್ಥಾನದಲ್ಲಿ ಸುದ್ದಿ ಹಬ್ಬಿಸಿದ್ರು. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಆಗಲೂ ಇತ್ತು ಅನ್ನಿ.

ಈಗ ರಜಾಕ್ ಹೇಳೋ ಇನ್ನೊಂದು ವಿಷಯ ಗಮನಿಸಿ. ಕಲ್ಲಿಕೋಟೆಯಲ್ಲಿ ಅವನು ಜಾಮೋರಿನ್ ದೊರೆಯನ್ನೂ ಕಂಡಿದ್ದ. ಅಲ್ಲಿ ರಾಜನಿಂದ ಭಿಕ್ಷುಕನವರೆಗೆ ಎಲ್ಲರದ್ದೂ ಸೊಂಟಕ್ಕೆ ಒಂದು ಬಟ್ಟೆ, ಮೇಲೆ ಬರಿಮೈ ಅಂತ ಬರೆದಿದ್ದಾನೆ. ಅದೇ ಹಂಪಿಗೆ ಬಂದ್ರೆ ದೊರೆ ಮೈತುಂಬ ಸ್ಯಾಟಿನ್ ಹಾಕಿ ಕೂತಿದ್ದಾನೆ. ಹಂಪಿಯಲ್ಲಿ ಸೆಖೆ ಕಡಿಮೆ ಅಂತಲಾ? ಖಂಡಿತ ಅಲ್ಲ.

ಫಿಲಿಪ್ ವ್ಯಾಗನರ್ ಅನ್ನೋ ಇತಿಹಾಸಕಾರರು 1996ರಲ್ಲಿ ಇದೇ ಪ್ರಶ್ನೆ ಹಿಡ್ಕೊಂಡು ಒಂದು ಪ್ರಬಂಧ ಬರೆದ್ರು. ವಿಜಯನಗರದ ಆಸ್ಥಾನಿಕರು ಎರಡು ವಸ್ತು ಹಾಕ್ತಿದ್ರು. ಒಂದು ಕಬಾಯಿ, ಅಂದ್ರೆ ಉದ್ದ ತೋಳಿನ ನಿಲುವಂಗಿ. ಅರಬ್-ಪರ್ಶಿಯಾ ಕಡೆಯ 'ಕಬಾ' ಇಲ್ಲಿ ಕಬಾಯಿ ಆಯ್ತು. ಇನ್ನೊಂದು ಕುಲ್ಲಾಯಿ, ತಲೆ ಮೇಲೆ ಶಂಕುವಿನ ಥರ ಎತ್ತರಕ್ಕೆ ನಿಲ್ಲೋ ಟೋಪಿ. ಪರ್ಶಿಯನ್ 'ಕುಲಾಹ್'. ನಮ್ಮ ಅಜ್ಜಿಯ ಕುಲಾವಿ ಇದೇ ಮನೆತನದ್ದು! ರಾಯರ ದರ್ಬಾರಿನಲ್ಲಿ ಮೆರೆದ ಪದ ಕೊನೆಗೆ ತೊಟ್ಟಿಲ ಕೂಸಿನ ತಲೆ ಮೇಲೆ ಬಂದು ಕೂತಿದೆ.

ಲೇಪಾಕ್ಷಿಗೆ ಹೋದವರು ವೀರಭದ್ರ ದೇವಸ್ಥಾನದಲ್ಲಿ ತಲೆ ಎತ್ತಿ ಚಾವಣಿ ನೋಡಿ. ಅಲ್ಲಿನ ಚಿತ್ರಗಳಲ್ಲಿ ಸಾಲಾಗಿ ನಿಂತ ಗಂಡಸರ ತಲೆ ಮೇಲೆ ಇದೇ ಕುಲ್ಲಾಯಿ.

ವ್ಯಾಗನರ್ ಹೇಳೋದು ಏನಂದ್ರೆ, ಇದು ಧರ್ಮ ಬದಲಿಸೋ ಮಾತಲ್ಲ, ಸೋತವರು ಗೆದ್ದವರನ್ನ ನಕಲು ಮಾಡಿದ್ದೂ ಅಲ್ಲ. ಆಗ ಸಮರ್ಕಂದ್‌ನಿಂದ ಕೈರೋವರೆಗೆ ಅಧಿಕಾರ ಅನ್ನೋದು ಈ ಥರದ ಬಟ್ಟೆಯಲ್ಲಿ ಓಡಾಡ್ತಿತ್ತು. ಆ ದೊಡ್ಡ ಪ್ರಪಂಚದ ಜೊತೆ ವ್ಯವಹಾರ ಮಾಡೋ ರಾಜ್ಯ ಅದರ ವೇಷವನ್ನೂ ಕಲಿತುಕೊಳ್ತು. ವಿಜಯನಗರದ ಶುರುವಿನ ಅರಸರ ಶಾಸನಗಳಲ್ಲೇ 'ಹಿಂದೂರಾಯ ಸುರತ್ರಾಣ' ಅನ್ನೋ ಬಿರುದು ಇದೆ. ಸುರತ್ರಾಣ ಅಂದ್ರೆ ಸುಲ್ತಾನ. ಪಕ್ಕದ ಬಹಮನಿ ಸುಲ್ತಾನರ ಜೊತೆ ಯುದ್ಧ ಮಾಡ್ತಾನೇ ತಮ್ಮನ್ನ ಸುಲ್ತಾನ ಅಂತ ಕರ್ಕೊಂಡವರು ಇವರು. ಈಗ ಬ್ಲೇಜರ್ ಹಾಕಿದವನನ್ನ ಇಂಗ್ಲಿಷಿನವನಾದ ಅಂತ ಯಾರಾದ್ರೂ ಅಂತಾರಾ?

ಆದ್ರೆ ಇದು ಆಸ್ಥಾನದ ಒಳಗಿದ್ದವರ ಕಥೆ. ಹೊರಗಿಂದ ಕೆಲಸ ಕೇಳ್ಕೊಂಡು ಬಂದವನಿಗೆ ಹೇಗಿತ್ತು? ಅದಕ್ಕೂ ಒಬ್ಬ ಸಿಗ್ತಾನೆ. ಅದೇ ದೇವರಾಯನ ಕಾಲ, ತೆಲುಗಿನ ದೊಡ್ಡ ಕವಿ ಶ್ರೀನಾಥ. ಕೊಂಡವೀಡಿನ ರೆಡ್ಡಿ ಅರಸರ ಹತ್ತಿರ ಇದ್ದವನು. ಆ ರಾಜ್ಯ ಬಿದ್ದ ಮೇಲೆ ಬೇರೆ ಆಸ್ಥಾನಗಳನ್ನ ಹುಡುಕ್ಕೊಂಡು ಹೊರಟ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಕಂಪನಿ ಮುಚ್ಚಿತು, ಲಿಂಕ್ಡ್‌ಇನ್‌ನಲ್ಲಿ 'ಓಪನ್ ಟು ವರ್ಕ್' ಹಾಕ್ಕೊಂಡ. ಹಂಪಿಯಲ್ಲಿ ಅವನು ಹೇಳಿದ್ದು ಅಂತ ಒಂದು ಚಾಟು ಪದ್ಯ ಬಾಯಿಂದ ಬಾಯಿಗೆ ಉಳ್ಕೊಂಡು ಬಂದಿದೆ. ಪೂರ್ತಿ ಗೋಳು ಅದು. ಕುಲ್ಲಾಯಿ ಇಟ್ಕೊಂಡಿದ್ದಾಯ್ತು, ದೊಡ್ಡ ಅಂಗಿ ತೊಟ್ಟಿದ್ದಾಯ್ತು, ಒಗ್ಗದ ಊಟ ತಿಂದಿದ್ದಾಯ್ತು, ಇನ್ನಾದ್ರೂ ದಯೆ ಬರಬಾರದಾ ಅಂತ ಕನ್ನಡ ರಾಜ್ಯಲಕ್ಷ್ಮಿಯನ್ನ ಬೇಡ್ಕೊಳ್ತಾನೆ.

ಐನೂರೈವತ್ತು ವರ್ಷದ ಮೇಲಾಯ್ತು. ಇವತ್ತು ಬೆಂಗಳೂರಿನ ಪಿಜಿಗಳಲ್ಲಿ ಕೂತವರ ಸ್ಟೇಟಸ್ಸೂ ಇದೇ ಅಲ್ವಾ? ಮಜಾ ಏನಂದ್ರೆ ಇಲ್ಲಿ ದಯೆ ತೋರಿಸಬೇಕಾದವಳು ಕನ್ನಡದ ಲಕ್ಷ್ಮಿ. ಅವತ್ತು ಬೇರೆಯವರು ಬೆವರು ಸುರಿಸ್ತಾ ಬಂದು ನಿಲ್ತಿದ್ದ ಬಾಗಿಲು ನಮ್ಮದು. ಶ್ರೀನಾಥನಿಗೆ ಕೊನೆಗೆ ಒಳ್ಳೇದೇ ಆಯ್ತು. ಆಸ್ಥಾನದ ಡಿಂಡಿಮ ಭಟ್ಟನನ್ನ ವಾದದಲ್ಲಿ ಸೋಲಿಸಿ, ಅವನ ಕಂಚಿನ ಢಕ್ಕೆ ಒಡೆಸಿ, ದೊರೆಯಿಂದ ಕನಕಾಭಿಷೇಕ ಮಾಡಿಸ್ಕೊಂಡ ಅಂತ ಪರಂಪರೆ ಹೇಳುತ್ತೆ. ಟೋಪಿ ಅವನನ್ನ ಬಾಗಿಲು ದಾಟಿಸ್ತು ಅಷ್ಟೇ. ಗೆದ್ದಿದ್ದು ವಾದ ಮಾಡಿ.

"ಇದೆಲ್ಲ ಗಂಡಸರ ಕಥೆ ಆಯ್ತಲ್ಲ ಅಣ್ಣ" ಅಂದ್ಲು ತಂಗಿ. ಸರಿ. ಕೃಷ್ಣದೇವರಾಯನ ಕಾಲಕ್ಕೆ ಬರೋಣ, 1520ರ ಆಸುಪಾಸು. ಡೊಮಿಂಗೊ ಪಾಯಸ್ ಅನ್ನೋ ಪೋರ್ಚುಗೀಸ್‌ನವನು ಮಹಾನವಮಿ ಹಬ್ಬ ನೋಡಿ ಬರೆದಿದ್ದಾನೆ. ಅರಮನೆಯ ಹೆಣ್ಣುಮಕ್ಕಳು ಮೆರವಣಿಗೆಯಲ್ಲಿ ಬರ್ತಾರೆ. ಅವರ ತಲೆ ಮೇಲೂ ಎತ್ತರದ ಟೋಪಿ. ಅದನ್ನ ಇಲ್ಲಿಯವರು 'ಕೊಲ್ಲಾಯ್' ಅಂತಾರೆ ಅಂತ ಹೆಸರನ್ನೂ ಕೊಡ್ತಾನೆ. ಅದೇ ಕುಲ್ಲಾಯಿ, ಮೇಲೆ ಮುತ್ತಿನ ಹೂಗಳು. ಮೈಮೇಲೆ ಚಿನ್ನ ಎಷ್ಟು ಅಂದ್ರೆ, ಕೆಲವರಿಗೆ ಆ ಭಾರ ಹೊರೋಕಾಗದೆ ಪಕ್ಕದಲ್ಲಿ ಬೇರೆ ಹೆಂಗಸರು ತೋಳು ಹಿಡ್ಕೊಂಡು ನಡೆಸ್ತಿದ್ರಂತೆ.

ಅದನ್ನ ಕೇಳಿ ತಂಗಿ ನಗ್ತಾಳೆ ಅಂದ್ಕೊಂಡೆ. ನಗ್ಲಿಲ್ಲ. "ಅವರಿಗೆ ಬೇಕಿತ್ತಾ ಅಂತ ಯಾರಾದ್ರೂ ಕೇಳಿದ್ರಾ?" ಅಂದ್ಲು. ಪಾಯಸ್ ಕೇಳಿಲ್ಲ. ನೋಡೋಕೆ ಚೆನ್ನಾಗಿತ್ತು ಅಂತ ಬರ್ಕೊಂಡು ಹೋದ. ಗಂಡಸಿಗೆ ಬಟ್ಟೆ ಸರಿಯಾಗಿದ್ರೆ ಸಾಕು, ಹುಡುಗಿಯರಿಗೆ ಅದರ ಮೇಲೆ ಮುಖವೂ ಒಂದು ಪೇಪರ್ ಬರೆಯಬೇಕು. ಹಚ್ಚಿರಬೇಕು, ಹಚ್ಚಿದ ಹಾಗೆ ಕಾಣಬಾರದು.

ಇದೇ ಪಾಯಸ್ ರಾಯರ ವೇಷವನ್ನೂ ಬರೆದಿದ್ದಾನೆ. ಚಿನ್ನದ ಗುಲಾಬಿ ಕಸೂತಿಯ ಬಿಳಿ ಬಟ್ಟೆ, ಜರಿ ಟೋಪಿ, ಮತ್ತೆ ಬರಿಗಾಲು. ರಾಯರಿದ್ದ ಕಡೆ ಯಾರೂ ಚಪ್ಪಲಿ ಮೆಟ್ಟಿ ಹೋಗೋ ಹಾಗಿರ್ಲಿಲ್ಲ. ತಲೆ ಪರ್ಶಿಯಾದಲ್ಲಿ, ಕಾಲು ಹಂಪಿ ನೆಲದ ಮೇಲೆ. ತಿರುಪತಿ ಬೆಟ್ಟದ ದೇವಸ್ಥಾನದಲ್ಲಿ ಇಬ್ಬರು ರಾಣಿಯರ ಜೊತೆ ಕೈಮುಗಿದು ನಿಂತ ಕೃಷ್ಣದೇವರಾಯನ ಲೋಹದ ಮೂರ್ತಿ ಇದೆಯಲ್ಲ, ಅಲ್ಲಿ ದೇವರೆದುರು ಕಬಾಯಿ ಇಲ್ಲ, ಎದೆ ಬರಿದು. ಟೋಪಿ ಮಾತ್ರ ಹಾಗೇ ಇದೆ. ಯಾವ ಬಾಗಿಲಿಗೆ ಏನು ಅನ್ನೋ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತಿತ್ತು. ನ್ಯೂನಿಜ್ ಅನ್ನೋ ಇನ್ನೊಬ್ಬ ಪೋರ್ಚುಗೀಸ್‌ನವನು, ರಾಜ ಒಮ್ಮೆ ಉಟ್ಟ ಬಟ್ಟೆ ಮತ್ತೆ ಉಡಲ್ಲ ಅಂದಿದ್ದಾನೆ. ಗೆಳೆಯನ ಬ್ಲೇಜರ್ ಹಾಕಿದ ನಾನು ಇದನ್ನ ಓದಿ ಏನು ಹೇಳ್ಲಿ!

ಇಲ್ಲಿಗೇ ನಿಲ್ಲಿಸಿದ್ರೆ, ಸರಿಯಾದ ಬಟ್ಟೆ ಹಾಕಿದ್ರೆ ಬಾಗಿಲು ತೆಗೆಯುತ್ತೆ ಅಂತ ಹೇಳ್ದ ಹಾಗಾಗುತ್ತೆ. ಅದು ಅರ್ಧ ಸುಳ್ಳು. ನಮ್ಮ ಕಡೆ ಎಷ್ಟೋ ಊರುಗಳ ಸರ್ಕಲ್‌ನಲ್ಲಿ ಸೂಟು, ಟೈ ಹಾಕಿದ ಒಬ್ಬರು ನಿಂತಿರ್ತಾರೆ, ಕೈಯಲ್ಲಿ ಪುಸ್ತಕ. ಬಾಬಾಸಾಹೇಬ್ ಅಂಬೇಡ್ಕರ್ 1917ರಲ್ಲಿ ಅಮೆರಿಕ, ಲಂಡನ್‌ನಲ್ಲಿ ಓದಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದ್ರು. ಡಿಗ್ರಿ ಇತ್ತು, ಕೆಲಸ ಇತ್ತು. ಇರೋಕೆ ಮನೆ ಕೊಡೋರಿರ್ಲಿಲ್ಲ. ಪಾರ್ಸಿ ಛತ್ರದಲ್ಲಿ ಪಾರ್ಸಿ ಹೆಸರು ಬರೆಸಿ ಉಳ್ಕೊಂಡ್ರು. ವಿಷಯ ಗೊತ್ತಾದಾಗ ಹತ್ತಾರು ಜನ ದೊಣ್ಣೆ ಹಿಡ್ಕೊಂಡು ಬಂದು ಹೊರಗೆ ಹಾಕಿದ್ರು. ಇದನ್ನ ಅವರೇ ಬರೆದಿಟ್ಟಿದ್ದಾರೆ. ಅಂಥ ಅನುಭವ ಆದ ಮೇಲೂ ಅವರು ಸೂಟು ಬಿಡ್ಲಿಲ್ಲ. ತಲೆತಲಾಂತರ ಒಳ್ಳೇ ಬಟ್ಟೆ ಉಡಬಾರದು ಅಂತ ತಡೆಸಿಕೊಂಡ ಜನರ ನಡುವೆ ಆ ನೀಲಿ ಸೂಟು ನಿಂತಿದೆ. ಅವರ ಮಕ್ಕಳು ಇಂಟರ್ವ್ಯೂಗೆ ಇಸ್ತ್ರಿ ಅಂಗಿ ಹಾಕಿ ಹೊರಡುವಾಗ ಅದಕ್ಕೆ ಯಾರೂ 'ಶೋಕಿ' ಅನ್ನಬಾರದು.

ಒಂದು ಸಣ್ಣ ಸಂಕಟ ಹೇಳಿ ತಂಗಿ ಹತ್ರ ವಾಪಸ್ ಬರ್ತೀನಿ. ಪಕ್ಕದ ಬಳ್ಳಾರಿ ಜೀನ್ಸ್ ಹೊಲಿಯೋದಕ್ಕೆ ಹೆಸರುವಾಸಿ. ಎಷ್ಟೋ ಮನೆಗಳ ಅನ್ನ ಅದರ ಮೇಲೆ ನಡೀತೈತೆ. ಇಂಟರ್ವ್ಯೂ ಟಿಪ್ಸ್ ವಿಡಿಯೋ ಯಾವುದನ್ನಾದ್ರೂ ತೆಗೀರಿ, ಮೊದಲ ಮಾತು: ಜೀನ್ಸ್ ಹಾಕಬೇಡಿ.

ನಾನು ತಂಗಿಗೆ ಹೇಳಿದ್ದು ಇಷ್ಟು. ಸಾಲ ಮಾಡಿ ಬ್ಲೇಜರ್ ಬೇಡ. ಮನೆಯಲ್ಲಿರೋ ತಿಳಿ ನೀಲಿ ಕಾಟನ್ ಚೂಡಿದಾರ್ ಇಸ್ತ್ರಿ ಮಾಡಿಸು. ಮುಖಕ್ಕೆ ದಿನಾ ಏನು ಹಚ್ತೀಯೋ ಅದೇ ಸಾಕು. ಹೊಸ ಕ್ರೀಮು, ಹೊಸ ಚಪ್ಪಲಿ ಎರಡನ್ನೂ ಅವತ್ತೇ ಶುರು ಮಾಡಬೇಡ. ರಾತ್ರಿ ಬಸ್ಸಿಗೆ ಬೇರೆ ಬಟ್ಟೆ, ಒಳಗೆ ಹೋಗೋ ಮುಂಚೆ ಬದಲಾಯಿಸ್ಕೋ.

ಅವಳು ಅರ್ಧ ಕೇಳಿದ್ಲು. ಚೂಡಿದಾರ್ ಓಕೆ, ಬ್ಲೇಜರ್ ಇಲ್ಲ. ಲಿಪ್‌ಸ್ಟಿಕ್ ಮಾತ್ರ ಹಚ್ಕೊಂಡೇ ಹೋದ್ಲು, ಕೂಡ್ಲಿಗಿಯಲ್ಲಿ ತಗೊಂಡಿದ್ದು, ಕಡು ಕೆಂಪು. "ನಂಗಿಷ್ಟ" ಅಂದ್ಲು ಅಷ್ಟೇ. ಅಜ್ಜಿ ಬಸ್ ಸ್ಟ್ಯಾಂಡಿಗೆ ಬಂದು, ಬ್ಯಾಗಿನಲ್ಲಿ ಒಂದು ಈಚಲಗರಿ ಬೀಸಣಿಗೆ ತುರುಕಿದ್ರಂತೆ. ಎಸಿ ಆಫೀಸಿಗೆ ಬೀಸಣಿಗೆ ಯಾಕೆ ಅಂತ ಇವಳು ರೇಗಿದಾಳೆ.

ಮೊನ್ನೆ ಮಂಗಳವಾರ ಇಂಟರ್ವ್ಯೂ ಆಯ್ತು. ಹೊರಗೆ ಕಾಯ್ತಾ ಕೂತಿದ್ದಾಗ ಕರೆಂಟ್ ಹೋಗಿತ್ತಂತೆ. ಇನ್ನೂ ಮೇಲ್ ಬಂದಿಲ್ಲ.