ಉದ್ಯಮದ ದನಿ, ಊರಿನ ದನಿ: ಕೈಗಾದ ಹಿನ್ನೆಲೆಯಲ್ಲೊಂದು ಇತಿಹಾಸ ಪಾಠ



ವರ್ತಕರ ಸಂಘವೆಂದರೇನೆಂದು ನಮ್ಮ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತರೀಕೆರೆಯ ಅಡಿಕೆ, ಕಡೂರಿನ ತೆಂಗು, ಅಜ್ಜಂಪುರದ ಈರುಳ್ಳಿ, ಹೀಗೆ ವ್ಯಾಪಾರವಿರುವಲ್ಲೆಲ್ಲ ವರ್ತಕರು ಒಂದುಗೂಡುತ್ತಾರೆ. ಸುಂಕ ಹೆಚ್ಚಾದರೆ ಸರ್ಕಾರಕ್ಕೆ ಮನವಿ ಸಲ್ಲಿಸುತ್ತಾರೆ, ತಮ್ಮೊಳಗಿನ ತಕರಾರುಗಳನ್ನು ತಾವೇ ಬಗೆಹರಿಸಿಕೊಳ್ಳುತ್ತಾರೆ, ಹೊರಗಿನವರಿಗೆ ತಮ್ಮ ಕಸುಬಿನ ಕಷ್ಟಸುಖಗಳನ್ನು ವಿವರಿಸುತ್ತಾರೆ. ನಮ್ಮ ಜಿಲ್ಲೆಯ ಗಿರಿಸಾಲಿನ ಕಾಫಿ ಬೆಳೆಗಾರರು ಬಲ್ಲ ‘ಉಪಾಸಿ’ ಎಂಬ ದಕ್ಷಿಣ ಭಾರತದ ತೋಟಗಾರರ ಸಂಯುಕ್ತ ಸಂಘವು 1893ರಷ್ಟು ಹಿಂದೆಯೇ ಹುಟ್ಟಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ, ಮೈಸೂರು ವಾಣಿಜ್ಯ ಮಂಡಳಿ ಸ್ಥಾಪನೆಯಾಯಿತು. ಉದ್ಯಮಿಗಳ ಮಾತು ತನ್ನ ಕಿವಿಗೆ ಬೀಳಬೇಕೆಂದು ಆಳುವವರೇ ಬಯಸಿದ ಕಾಲವದು.

ಅಡಿಕೆಗೂ ಕಾಫಿಗೂ ಸಂಘವಿರುವಂತೆ ಪರಮಾಣು ವಿದ್ಯುತ್ತಿಗೂ ಉದ್ಯಮ ಸಂಘವಿದೆಯೇ? ಇದ್ದರೆ ಅದು ಮಾಡುವ ಕೆಲಸವೇನು? ಈ ಪ್ರಶ್ನೆ ನಮಗೆ ದೂರದ್ದಲ್ಲ. ಕಾಳಿ ನದಿಯ ದಂಡೆಯ ಕೈಗಾದಲ್ಲಿ ಹುಟ್ಟುವ ವಿದ್ಯುತ್ತು ಶರಾವತಿಯ ಮತ್ತು ರಾಯಚೂರಿನ ವಿದ್ಯುತ್ತಿನೊಡನೆ ಒಂದೇ ಜಾಲದಲ್ಲಿ ಬೆರೆಯುತ್ತದೆ. ಕಡೂರಿನ ಬಯಲಿನಲ್ಲಿ ಕೊಳವೆಬಾವಿಯ ಪಂಪು ತಿರುಗುವಾಗ ಅದರಲ್ಲಿ ಕೈಗಾದ ಪಾಲೆಷ್ಟು ಎಂದು ಯಾರೂ ಬೇರ್ಪಡಿಸಿ ಹೇಳಲಾರರು. ಫಲದಲ್ಲಿ ಪಾಲುಳ್ಳವರಿಗೆ ಅದರ ಕಥೆಯೂ ತಿಳಿದಿರಬೇಕು.

ಕಥೆ ಆರಂಭವಾಗುವುದು ಅಮೆರಿಕದಲ್ಲಿ. ಅಲ್ಲಿನ ಉದ್ಯಮಿಗಳು 1953ರಲ್ಲಿ ‘ಅಟಾಮಿಕ್ ಇಂಡಸ್ಟ್ರಿಯಲ್ ಫೋರಂ’ ಎಂಬ ಸಂಘವನ್ನು ಕಟ್ಟಿದರು. ಅದೇ ವರ್ಷದ ಡಿಸೆಂಬರ್ 8ರಂದು ಅಧ್ಯಕ್ಷ ಐಸೆನ್‌ಹೋವರ್ ಅವರು ವಿಶ್ವಸಂಸ್ಥೆಯಲ್ಲಿ ‘ಶಾಂತಿಗಾಗಿ ಪರಮಾಣು’ ಎಂಬ ಪ್ರಸಿದ್ಧ ಭಾಷಣ ಮಾಡಿದರು. ಮರುವರ್ಷ ಬಂದ ಕಾಯಿದೆಯು ಖಾಸಗಿ ಕಂಪನಿಗಳಿಗೆ ರಿಯಾಕ್ಟರ್ ಹೊಂದಲು ಅವಕಾಶ ಕೊಟ್ಟಿತು. ಆದರೆ ಒಂದು ತೊಡಕು ಎದುರಾಯಿತು. ಅಪಘಾತವಾದರೆ ಪರಿಹಾರ ಕೊಡುವವರು ಯಾರು? ಅಲ್ಲಿನ ವಿಮಾ ಕಂಪನಿಗಳೆಲ್ಲ ಸೇರಿದರೂ ಒಂದು ಸ್ಥಾವರಕ್ಕೆ 6 ಕೋಟಿ ಡಾಲರಿಗಿಂತ ಹೆಚ್ಚಿನ ಹೊಣೆ ಹೊರಲು ಮುಂದೆ ಬರಲಿಲ್ಲ. ಅಷ್ಟನ್ನೇ ನೆಚ್ಚಿ ರಿಯಾಕ್ಟರ್ ಕಟ್ಟಲು ಕಂಪನಿಗಳೂ ಸಿದ್ಧವಿರಲಿಲ್ಲ. ಕೊನೆಗೆ 1957ರ ಪ್ರೈಸ್-ಆಂಡರ್‌ಸನ್ ಕಾಯಿದೆಯು ಅದರ ಮೇಲೆ ಸರ್ಕಾರದ ಬೊಕ್ಕಸದಿಂದ 50 ಕೋಟಿ ಡಾಲರಿನ ಭರವಸೆ ನೀಡಿ, ಒಟ್ಟು ಹೊಣೆಗೆ ಮಿತಿ ಹಾಕಿತು.

ಈ ಘಟನೆಯನ್ನು ಗಮನವಿಟ್ಟು ಓದಿಕೊಳ್ಳಿ. ಪರಮಾಣು ಉದ್ಯಮದ ಸಂಘಗಳ ಕಾರ್ಯವೆಲ್ಲ ಬೀಜರೂಪದಲ್ಲಿ ಇಲ್ಲಿದೆ. ಬಿಡಿ ಕಂಪನಿ ಕೇಳಲಾಗದ್ದನ್ನು ಸರ್ಕಾರದ ಮುಂದೆ ಒಟ್ಟಾಗಿ ಕೇಳುವುದು ಮೊದಲನೆಯದು. ಕಸುಬಿನ ತಿಳಿವಳಿಕೆಯನ್ನು ಹಂಚಿಕೊಳ್ಳುವುದು ಎರಡನೆಯದು. ಭಯಪಡುವ ಜನರಿಗೆ ತಮ್ಮ ವಾದವನ್ನು ಮುಟ್ಟಿಸುವುದು ಮೂರನೆಯದು. ಜಪಾನಿನಲ್ಲಿ 1956ರಲ್ಲಿ ಇಂಥದೇ ಸಂಘ ಸ್ಥಾಪನೆಯಾಯಿತು. ಯುರೋಪಿನ ದೇಶಗಳ ಸಂಘಗಳು 1960ರಲ್ಲಿ ‘ಫೋರಾಟಂ’ ಎಂಬ ಒಕ್ಕೂಟವನ್ನು ರಚಿಸಿಕೊಂಡವು. ಅಮೆರಿಕದ ಮೂಲ ಸಂಘವು ರೂಪಾಂತರಗಳನ್ನು ಹೊಂದುತ್ತ 1994ರಲ್ಲಿ ‘ನ್ಯೂಕ್ಲಿಯರ್ ಎನರ್ಜಿ ಇನ್‌ಸ್ಟಿಟ್ಯೂಟ್’ ಆಯಿತು.

ಇವೆಲ್ಲ ತಪ್ಪು ಕೆಲಸಗಳಲ್ಲ. ತನ್ನ ಹಿತವನ್ನು ತಾನು ಹೇಳಿಕೊಳ್ಳುವ ಹಕ್ಕು ಎಲ್ಲ ಕಸುಬಿಗೂ ಇದೆ. ಆದರೆ ಹಿತ ಹೇಳಿಕೊಳ್ಳುವವನೇ ನ್ಯಾಯಾಧೀಶನೂ ಆದರೆ ಕೇಡು. ಅಮೆರಿಕದ ಪರಮಾಣು ಶಕ್ತಿ ಆಯೋಗವು ಉದ್ಯಮವನ್ನು ಬೆಳೆಸುವ, ಅದರ ಮೇಲೆ ಕಣ್ಣಿಡುವ ಎರಡೂ ಕೆಲಸಗಳನ್ನು ತಾನೇ ಮಾಡುತ್ತಿತ್ತು. ಅದು ಸಲ್ಲದೆಂಬ ಅರಿವು ಮೂಡಿ 1974ರಲ್ಲಿ ಶಾಸನ ಮಾಡಿ, ಮರುವರ್ಷದಿಂದ ನಿಯಂತ್ರಣಕ್ಕೆ ಪ್ರತ್ಯೇಕ ಸಂಸ್ಥೆಯನ್ನೇ ತಂದರು. 1979ರ ಮಾರ್ಚ್ 28ರಂದು ತ್ರೀ ಮೈಲ್ ಐಲೆಂಡಿನ ಅಪಘಾತವಾದಾಗ ಅಲ್ಲಿನ ವಿದ್ಯುತ್ ಕಂಪನಿಗಳೂ ಒಂದು ಪಾಠ ಕಲಿತವು. ಪ್ರಚಾರ ಮಾಡುವ ಸಂಘವನ್ನು ಅದರ ಪಾಡಿಗೆ ಬಿಟ್ಟು, ಪರಸ್ಪರರ ಸ್ಥಾವರಗಳನ್ನು ಪರೀಕ್ಷಿಸಿ ಲೋಪಗಳನ್ನು ಎತ್ತಿ ತೋರಿಸಲು ‘ಇನ್‌ಪೋ’ ಎಂಬ ಬೇರೆ ಸಂಸ್ಥೆಯನ್ನು ಅದೇ ವರ್ಷ ಕಟ್ಟಿಕೊಂಡವು. ಚೆರ್ನೋಬಿಲ್ ದುರಂತದ ತರುವಾಯ, 1989ರಲ್ಲಿ, ಜಗತ್ತಿನ ಮಟ್ಟದಲ್ಲಿಯೂ ಅಂಥದೊಂದು ಸಂಘ ಹುಟ್ಟಿತು.

ಈ ವಿವೇಕ ಎಲ್ಲೆಡೆಯೂ ಬೇರೂರಲಿಲ್ಲ. 2011ರ ಫುಕುಶಿಮಾ ದುರಂತವನ್ನು ತನಿಖೆ ಮಾಡಿದ ಜಪಾನ್ ಸಂಸತ್ತಿನ ಆಯೋಗವು 2012ರಲ್ಲಿ ವರದಿ ನೀಡಿ, ಅದು ಮಾನವನಿರ್ಮಿತ ದುರಂತವೆಂದು ಸಾರಿತು. ಭೂಕಂಪ, ಸುನಾಮಿ ನಿಸರ್ಗದವಾದರೂ ಅವುಗಳನ್ನು ಎದುರಿಸುವ ಸಿದ್ಧತೆ ಇರಲಿಲ್ಲ. ಅದಕ್ಕೆ ಆಯೋಗ ಕಂಡ ಮುಖ್ಯ ಕಾರಣ ಸರ್ಕಾರ, ನಿಯಂತ್ರಕರು ಮತ್ತು ಕಂಪನಿಯ ನಡುವಿನ ಹೊಂದಾಣಿಕೆ. ವಿದ್ಯುತ್ ಕಂಪನಿಗಳ ಒಕ್ಕೂಟವು ನಿಯಮಗಳನ್ನು ಸಡಿಲಗೊಳಿಸಲು ನಿಯಂತ್ರಕರ ಮೇಲೆ ಒತ್ತಡ ತರುವ ದಾರಿಯಾಗಿತ್ತೆಂಬುದನ್ನೂ ವರದಿ ದಾಖಲಿಸಿತು. ಬಿಗಿ ನಿಯಮ ಬೇಡವೆಂದು ವಾದಿಸುವುದು ಉದ್ಯಮ ಸಂಘಕ್ಕೆ ಸಹಜ. ನಿಯಮ ಕಾಯಬೇಕಾದವರು ಆ ವಾದವನ್ನೇ ತಮ್ಮದಾಗಿಸಿಕೊಂಡದ್ದು ಅನಾಹುತ.

ಇನ್ನು ನಮ್ಮ ದೇಶಕ್ಕೆ ಬರೋಣ. ಭಾರತದಲ್ಲಿ ಈ ಉದ್ಯಮಕ್ಕೆ ಸಂಘದ ಪೀಠವೇ ಬಹುಕಾಲ ಖಾಲಿಯಾಗಿ ಉಳಿಯಿತು. ಕಾರಣ ಸರಳ. 1948ರಲ್ಲಿ ಪರಮಾಣು ಶಕ್ತಿ ಆಯೋಗ, 1954ರಲ್ಲಿ ಪರಮಾಣು ಶಕ್ತಿ ಇಲಾಖೆ ಸ್ಥಾಪನೆಯಾದವು. 1962ರ ಕಾಯಿದೆಯು ಈ ಕ್ಷೇತ್ರವನ್ನು ಕೇಂದ್ರ ಸರ್ಕಾರದ ಕೈಯಲ್ಲಿಟ್ಟಿತು, ಮಾಹಿತಿಯನ್ನು ಗೋಪ್ಯವಾಗಿಡುವ ಅಧಿಕಾರವನ್ನೂ ಕೊಟ್ಟಿತು. 1974ರ ಪೋಖ್ರಾನ್ ಸ್ಫೋಟದ ಬಳಿಕ ಕೆನಡಾ ತನ್ನ ನೆರವನ್ನು ನಿಲ್ಲಿಸಿದಾಗ ಬಿಡಿಭಾಗಗಳನ್ನೆಲ್ಲ ಇಲ್ಲಿಯೇ ಮಾಡಬೇಕಾಯಿತು. ಲಾರ್ಸನ್ ಅಂಡ್ ಟೂಬ್ರೊ, ವಾಲ್‌ಚಂದ್‌ನಗರ್, ಬಿಎಚ್ಇಎಲ್ ಮುಂತಾದ ಸಂಸ್ಥೆಗಳು ಆ ನಯಗಾರಿಕೆಯನ್ನು ಕಲಿತದ್ದು ಹೆಮ್ಮೆಯ ವಿಷಯವೇ. ಆದರೆ ಅವರೆಲ್ಲರಿಗೂ ಕೊಳ್ಳುವವನು ಒಬ್ಬನೇ, ಸರ್ಕಾರ. ಒಬ್ಬನೇ ಗಿರಾಕಿ ಇರುವ ಮಂಡಿಯಲ್ಲಿ ವರ್ತಕರ ಸಂಘ ಬಲವಾಗಿ ಬೆಳೆಯುವುದು ಹೇಗೆ? ಉದ್ಯಮದ ದನಿ ಸರ್ಕಾರದ ದನಿಯೇ ಆಗಿಬಿಟ್ಟಿತು.

ಅದರ ಪರಿಣಾಮವನ್ನು ಕೈಗಾದಲ್ಲಿ ಕಂಡೆವು. ಸಹ್ಯಾದ್ರಿಯ ದಟ್ಟ ಕಾಡಿನ ನಡುವೆ ರಿಯಾಕ್ಟರ್ ಬೇಡವೆಂದು ಎಂಬತ್ತರ ದಶಕದಲ್ಲಿ ದೊಡ್ಡ ಚಳವಳಿ ನಡೆಯಿತು. ಡಾ. ಶಿವರಾಮ ಕಾರಂತರು ತಮ್ಮ 87ನೆಯ ವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಯಲ್ಲಿ, ಉತ್ತರ ಕನ್ನಡದಿಂದ ಸ್ಪರ್ಧಿಸಿ ಸೋತರು. ಗೆಲುವಿನ ಆಸೆಯಿಂದ ನಿಂತವರಲ್ಲ ಅವರು. ಪ್ರಶ್ನೆ ಕೇಳುವುದಕ್ಕೆ ಒಂದು ವೇದಿಕೆ ಬೇಕಾಗಿತ್ತು. ಯೋಜನೆಯನ್ನು ಕಟ್ಟುವವರೂ, ಅದರ ಸುರಕ್ಷತೆಯನ್ನು ಹೊಗಳುವವರೂ, ಅದನ್ನು ಪರೀಕ್ಷಿಸುವವರೂ ಕೊನೆಗೆ ಒಂದೇ ಮನೆಯವರಾಗಿದ್ದುದರಿಂದ, ಹೊರಗಿನವನ ಪ್ರಶ್ನೆ ದೇಶದ್ರೋಹದಂತೆಯೋ ಅಜ್ಞಾನದಂತೆಯೋ ಕೇಳಿಸುತ್ತಿತ್ತು.

1994ರ ಮೇ 13ರಂದು ಕೈಗಾದ ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. ಇನ್ನೂ ಇಂಧನ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಭಯವಿರಲಿಲ್ಲ. ಆದರೆ ಪ್ರಶ್ನೆ ಉಳಿಯಿತು. ಆಗ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅಧ್ಯಕ್ಷರಾಗಿದ್ದ ಡಾ. ಎ. ಗೋಪಾಲಕೃಷ್ಣನ್ ಅವರು ನಿವೃತ್ತಿಯ ತರುವಾಯ, ನಿಯಂತ್ರಕ ಸಂಸ್ಥೆ ಸ್ವತಂತ್ರವಾಗಿರಬೇಕೆಂದು ಸತತವಾಗಿ ಬರೆದರು. 1983ರಲ್ಲಿ ಹುಟ್ಟಿದ ಆ ಮಂಡಳಿಯು, ತಾನು ಯಾರ ಮೇಲೆ ಕಣ್ಣಿಡಬೇಕೋ ಅವರನ್ನು ನಡೆಸುವ ಆಯೋಗಕ್ಕೇ ವರದಿ ಒಪ್ಪಿಸುತ್ತಿತ್ತು. 2012ರಲ್ಲಿ ಮಹಾಲೇಖಪಾಲರ ವರದಿಯೂ ಈ ಕೊರತೆಯನ್ನು ಎತ್ತಿ ಹೇಳಿತು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಗುಮ್ಮಟದ ವಿನ್ಯಾಸ ಬದಲಾಯಿತು. 2000ನೆಯ ಇಸವಿಯಲ್ಲಿ ಮೊದಲೆರಡು ಘಟಕಗಳು ವಿದ್ಯುತ್ ಕೊಡತೊಡಗಿದವು. ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ಸೇರಿ, ತಲಾ 220ರಂತೆ ಒಟ್ಟು 880 ಮೆಗಾವ್ಯಾಟ್ ಆಯಿತು. ಅದೇ ಮೊದಲ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಅಂದಿಗೆ ವಿಶ್ವದಾಖಲೆ ಸ್ಥಾಪಿಸಿತು. ಗುಮ್ಮಟ ಬಿದ್ದ ದಿನವೂ ದಾಖಲೆಯ ಓಟ ಆರಂಭವಾದ ದಿನವೂ ಮೇ 13 ಎಂಬುದು ಕಾಕತಾಳೀಯ. ಆದರೆ ಇತಿಹಾಸದ ವಿದ್ಯಾರ್ಥಿ ಎರಡನ್ನೂ ನೆನಪಿಡಬೇಕು. ಉದ್ಯಮದವರು ಎರಡನೆಯ ದಿನಾಂಕವನ್ನಷ್ಟೇ ಹೇಳುತ್ತಾರೆ, ವಿರೋಧಿಗಳು ಮೊದಲನೆಯದನ್ನಷ್ಟೇ ಹೇಳುತ್ತಾರೆ.

2010ರಲ್ಲಿ ಪರಮಾಣು ಹಾನಿ ಹೊಣೆಗಾರಿಕೆ ಕಾಯಿದೆ ಬಂದಾಗ ನಮ್ಮಲ್ಲಿಯೂ ಉದ್ಯಮ ಸಂಘಗಳ ದನಿ ಕೇಳಿಸಿತು. ಭೋಪಾಲ ದುರಂತದ ಮೊಕದ್ದಮೆಯ ತೀರ್ಪು ಆ ವರ್ಷದ ಜೂನಿನಲ್ಲಿ ಹೊರಬಿದ್ದು ದೇಶವೇ ಕುದಿಯುತ್ತಿದ್ದ ಸಮಯ. ದೋಷಯುಕ್ತ ಸಾಮಗ್ರಿ ಕೊಟ್ಟ ಪೂರೈಕೆದಾರನಿಂದ ಹಣ ವಸೂಲು ಮಾಡುವ ಹಕ್ಕನ್ನು 17ನೆಯ ಕಲಮಿನಲ್ಲಿ ಸೇರಿಸಲಾಯಿತು. ಸ್ಥಾವರ ನಡೆಸುವವರ ಹೊಣೆಯನ್ನು 1500 ಕೋಟಿ ರೂಪಾಯಿಗೆ ಮಿತಿಗೊಳಿಸಲಾಯಿತು. ಫಿಕ್ಕಿಯಂಥ ಸಂಘಗಳು ಪೂರೈಕೆದಾರರ ಹೊಣೆಯನ್ನು ಬಲವಾಗಿ ಆಕ್ಷೇಪಿಸಿದವು. 2015ರಲ್ಲಿ ವಿಮಾ ಕಂಪನಿಗಳು ಸೇರಿ 1500 ಕೋಟಿಯ ವಿಮಾ ನಿಧಿ ರಚಿಸಿದರೂ ಆಕ್ಷೇಪ ನಿಲ್ಲಲಿಲ್ಲ. 1957ರಲ್ಲಿ ಅಮೆರಿಕದ ಕಂಪನಿಗಳು ಕೇಳಿದ ಪ್ರಶ್ನೆಯೇ ಅರ್ಧ ಶತಮಾನದ ಮೇಲೆ ಇಲ್ಲಿ ಮರಳಿ ಬಂದಿತ್ತು.

2025ರ ಡಿಸೆಂಬರಿನಲ್ಲಿ ಸಂಸತ್ತು ‘ಶಾಂತಿ’ ಎಂಬ ಹ್ರಸ್ವನಾಮದ ಹೊಸ ಕಾಯಿದೆಯನ್ನು ಅಂಗೀಕರಿಸಿ 1962 ಮತ್ತು 2010ರ ಕಾಯಿದೆಗಳೆರಡನ್ನೂ ರದ್ದುಗೊಳಿಸಿತು. ಖಾಸಗಿ ಕಂಪನಿಗಳಿಗೆ ಪರಮಾಣು ವಿದ್ಯುತ್ತಿನ ಬಾಗಿಲು ತೆರೆಯಿತು. ಪೂರೈಕೆದಾರನ ಮೇಲಿದ್ದ ಆ ವಿಶೇಷ ಹೊಣೆ ಹೋಯಿತು. ಜೊತೆಗೆ ನಿಯಂತ್ರಣ ಮಂಡಳಿಗೆ ಶಾಸನದ ಮಾನ್ಯತೆಯೂ ದೊರೆಯಿತು. ಕೈಗಾದಲ್ಲಿ ತಲಾ 700 ಮೆಗಾವ್ಯಾಟಿನ ಇನ್ನೆರಡು ಘಟಕಗಳು ಬರಲಿವೆ. ಆದ್ದರಿಂದ ಖಾಲಿ ಉಳಿದಿದ್ದ ಸಂಘದ ಪೀಠ ಬೇಗನೆ ತುಂಬುವುದು ಸಹಜ. ಅವರು ಪತ್ರಿಕೆಗಳಲ್ಲಿ ಬರೆಯುತ್ತಾರೆ, ಶಾಲೆಗಳಿಗೆ ಬರುತ್ತಾರೆ, ಬಣ್ಣದ ಪುಸ್ತಿಕೆಗಳನ್ನು ಹಂಚುತ್ತಾರೆ.

ಬರಲಿ. ಅವರ ಮಾತಿನಲ್ಲಿ ತಿಳಿವಳಿಕೆ ಇರುತ್ತದೆ, ಕೇಳಿಸಿಕೊಳ್ಳಬೇಕು. ಇಲ್ಲಿಯವರೆಗೆ ಸರ್ಕಾರವೇ ಉದ್ಯಮವಾಗಿದ್ದಾಗ ಯಾವುದು ಆಡಳಿತದ ಮಾತು, ಯಾವುದು ವ್ಯಾಪಾರದ ಮಾತು ಎಂದು ತಿಳಿಯುತ್ತಿರಲಿಲ್ಲ. ಉದ್ಯಮವು ತನ್ನದೇ ಹೆಸರಿನಲ್ಲಿ, ತನ್ನದೇ ಫಲಕದಡಿ ಮಾತನಾಡಿದರೆ ಕೇಳುವವನಿಗೆ ಅನುಕೂಲವೇ. ಮಂಡಿಯಲ್ಲಿ ವರ್ತಕ ಬೆಲೆ ಹೇಳಲಿ, ಅದು ಅವನ ಧರ್ಮ. ತಕ್ಕಡಿಯನ್ನು ಪರೀಕ್ಷಿಸಿ ಮುದ್ರೆಯೊತ್ತುವ ಅಧಿಕಾರಿ ಮಾತ್ರ ಅವನ ಮನೆಯವನಾಗಿರಬಾರದು. ನಿಯಂತ್ರಣ ಮಂಡಳಿಗೆ ಈಗ ದೊರೆತಿರುವ ಮಾನ್ಯತೆ ಆಚರಣೆಯಲ್ಲಿಯೂ ಸ್ವಾತಂತ್ರ್ಯವಾಗುವುದೋ ಇಲ್ಲವೋ ಎಂಬುದನ್ನು ಕಾಯುವ ಕೆಲಸ ಪಂಪಿನ ಗುಂಡಿ ಒತ್ತುವ ನಮ್ಮೆಲ್ಲರದು.

ನಿಮ್ಮಲ್ಲಿ ಕೆಲವರು ಎಂಜಿನಿಯರುಗಳಾಗಿ ಇಂಥ ಸ್ಥಾವರಗಳಲ್ಲಿ ದುಡಿಯುತ್ತಿರಬಹುದು, ಕೆಲವರು ಇವುಗಳನ್ನು ವಿರೋಧಿಸುತ್ತಿರಬಹುದು. ಇಬ್ಬರಿಗೂ ನನ್ನ ಕೋರಿಕೆ ಒಂದೇ. ಎರಡು ಮೇ 13ಗಳಲ್ಲಿ ಯಾವುದನ್ನೂ ಮರೆಯಬೇಡಿ.